ಹೊಸ ಪುಸ್ತಕ ಬಂತು, ಮೇಜು ಒಡೆಯಿತು

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ನಾಲ್ಕನೇ ಆವೃತ್ತಿ ಅಮೆರಿಕದ ಅಂಗಡಿಗಳಿಗೆ ಬಂದದ್ದು 2008ರ ಜೂನ್ 6ರಂದು. ಆಟಗಾರರಿಗೊಂದು, ಆಟ ನಡೆಸುವವರಿಗೊಂದು, ಎದುರಾಗುವ ರಕ್ಕಸರ ವಿವರಕ್ಕೊಂದು ಎಂದು ಒಟ್ಟು ಮೂರು ಪುಸ್ತಕ. ಅವು ಕೈಸೇರುವ ಮೊದಲೇ ಜಗಳ ಹತ್ತಿಕೊಂಡಿತ್ತು. ಮುಂದಿನ ಆವೃತ್ತಿ ಬರುವ ತನಕ, ಅಂದರೆ ಆರು ವರ್ಷ, ಅದು ಆರಲಿಲ್ಲ. ವರ್ಷಗಟ್ಟಲೆ ಒಂದೇ ಮೇಜಿನ ಸುತ್ತ ಕೂತು ಆಡಿದವರು ಪಂಗಡಗಳಾದರು. ಕೆಲವರು ಹೊಸದನ್ನು ಅಪ್ಪಿಕೊಂಡರು, ಕೆಲವರು ಹಳೆಯ ಪುಸ್ತಕವನ್ನೇ ಹಿಡಿದು ಕೂತರು, ಇನ್ನು ಕೆಲವರು ಬೇರೊಂದು ಕಂಪನಿಯ ಬಾಗಿಲಿಗೆ ಹೋದರು. ಆಟಗಾರರ ಬಾಯಲ್ಲಿ ಆ ಕಾಲಕ್ಕೆ ಇವತ್ತಿಗೂ ‘ಎಡಿಷನ್ ವಾರ್ಸ್’ ಎಂಬ ಹೆಸರಿದೆ. ಹೊರಗೆ ನಿಂತು ನೋಡುವವರಿಗೆ ಇದೊಂದು ಕೆಲಸವಿಲ್ಲದವರ ರಂಪದಂತೆ ಕಾಣಬಹುದು. ಆದರೆ ಆ ಸಿಟ್ಟಿನ ಹಿಂದೆ ಗಟ್ಟಿಯಾದ ಕಾರಣಗಳಿದ್ದವು. ಆಟವೊಂದು ಯಾರದು, ಅಚ್ಚು ಹಾಕಿದವರದೋ ಆಡಿದವರದೋ ಎಂಬ ಪ್ರಶ್ನೆ ಅದರಲ್ಲಿತ್ತು.

ಈ ಆಟ ನೋಡದವರು ನಮ್ಮ ಕರಾವಳಿಯ ತಾಳಮದ್ದಲೆಯನ್ನು ನೆನೆಯಬಹುದು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥಧಾರಿಯೊಬ್ಬ ಕರ್ಣನಾಗುತ್ತಾನೆ, ಎದುರಿಗಿರುವವನು ಕೃಷ್ಣನಾಗುತ್ತಾನೆ, ಮಾತು ಆ ಹೊತ್ತಿಗೆ ಹುಟ್ಟುತ್ತದೆ. ಇಲ್ಲೂ ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ಕತ್ತಿ ಹಿಡಿದ ಫೈಟರ್, ಮಂತ್ರ ಬಲ್ಲ ವಿಝರ್ಡ್, ದೇವರ ಬಲದಿಂದ ಗಾಯ ಮಾಯಿಸುವ ಕ್ಲೆರಿಕ್, ಬೀಗ ತೆಗೆಯುವುದರಲ್ಲಿ ಪಳಗಿದ ಕಳ್ಳ. ಇನ್ನೊಬ್ಬರು ಡಂಜನ್ ಮಾಸ್ಟರ್. ಉಳಿದ ಲೋಕವೆಲ್ಲ, ಅಂದರೆ ಊರು, ಕಾಡು, ಅರಸ, ವೈರಿ, ಮಳೆ, ಎಲ್ಲವೂ ಅವರ ಬಾಯಿಂದ ಬರಬೇಕು. ತಾಳಮದ್ದಲೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು; ಇಲ್ಲಿ ಯಾರಿಗೂ ಗೊತ್ತಿಲ್ಲ. ಕಂದಕ ಹಾರುತ್ತೇನೆ ಎಂದು ಒಬ್ಬ ಹೇಳಿದರೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಬಿದ್ದ ಅಂಕೆಗೆ ಎಷ್ಟು ಕೂಡಿಸಬೇಕು, ಎಷ್ಟಾದರೆ ದಾಟಿದಂತೆ, ದಾಟದಿದ್ದರೆ ಎಷ್ಟು ಪೆಟ್ಟು ಎಂಬುದನ್ನು ಹೇಳುವುದು ರೂಲ್‌ಬುಕ್. ಹೀಗೆ ವಾರಕ್ಕೊಮ್ಮೆ ಕೂತು ಬೆಳೆಸುವ ಒಂದೇ ಕಥೆಗೆ ಕ್ಯಾಂಪೇನ್ ಎನ್ನುತ್ತಾರೆ. ಒಂದು ಕ್ಯಾಂಪೇನ್ ವರ್ಷಗಟ್ಟಲೆ ನಡೆಯುವುದು ಅಪರೂಪವೇನಲ್ಲ.

ಹಾಗಾಗಿ ಇಲ್ಲಿ ನಿಯಮ ಅಂದರೆ ಬರೀ ಗೆಲುವು ಸೋಲಿನ ಲೆಕ್ಕವಲ್ಲ, ಕಥೆಯ ಲೋಕ ಹೇಗೆ ನಡೆಯುತ್ತದೆ ಎಂಬುದರ ವಿವರಣೆ. ಮೂರನೇ ಆವೃತ್ತಿಯಲ್ಲಿ ಒಂಬತ್ತನೇ ಲೆವೆಲ್ ಮುಟ್ಟಿದ ವಿಝರ್ಡ್ ಟೆಲಿಪೋರ್ಟ್ ಮಂತ್ರ ಹಾಕಿ ಕ್ಷಣದಲ್ಲಿ ನೂರಾರು ಮೈಲಿ ದಾಟಬಲ್ಲ. ಇದನ್ನು ತಿಳಿದ ಡಂಜನ್ ಮಾಸ್ಟರ್ ತನ್ನ ರಾಜ್ಯ ಕಟ್ಟುವಾಗಲೇ ಯೋಚಿಸಿರುತ್ತಾರೆ: ಇಂಥ ಮಾಂತ್ರಿಕರಿರುವ ಲೋಕದಲ್ಲಿ ಕೋಟೆ ಕಟ್ಟಿ ಏನು ಪ್ರಯೋಜನ, ಅರಸ ಯಾರನ್ನು ನಂಬುತ್ತಾನೆ, ಸುದ್ದಿ ಎಷ್ಟು ಬೇಗ ಗಡಿ ಮುಟ್ಟುತ್ತದೆ. ನಾಲ್ಕನೇ ಆವೃತ್ತಿಯಲ್ಲಿ ಇಂಥ ಮಂತ್ರಗಳು ‘ರಿಚುವಲ್’ಗಳಾದವು. ಅವಕ್ಕೆ ಹೊತ್ತು ಬೇಕು, ಖರ್ಚು ಬೇಕು, ತಲುಪುವ ಜಾಗವೂ ಮೊದಲೇ ಸಿದ್ಧವಿರಬೇಕು. ಆಟದ ಸಮತೋಲಕ್ಕೆ ಇದು ಒಳ್ಳೆಯದೇ. ಆದರೆ ಐದು ವರ್ಷದಿಂದ ನಡೆದುಬಂದ ಕಥೆಯೊಳಗೆ ನಿನ್ನೆ ತನಕ ಸಾಧ್ಯವಿದ್ದದ್ದು ಇವತ್ತು ಅಸಾಧ್ಯ ಎಂದರೆ, ಆ ಕಥೆಯ ಹಿಂದಿನ ಪುಟಗಳೆಲ್ಲ ಸುಳ್ಳಾದಂತೆ. ಕಂಪನಿ ಬದಲಿಸಿದ್ದು ತನ್ನ ಪುಸ್ತಕವನ್ನು, ಬದಲಾದದ್ದು ಆಡುವವರು ಕಟ್ಟಿದ ಲೋಕ. ಇದನ್ನು ಗ್ರಹಿಸದೆ ಆ ಸಿಟ್ಟು ಅರ್ಥವಾಗುವುದಿಲ್ಲ.

‘ಹಳೆಯ ಪುಸ್ತಕ ನಿಮ್ಮ ಕಪಾಟಿನಲ್ಲೇ ಇದೆಯಲ್ಲ, ಅದನ್ನೇ ಆಡಿ’ ಎಂಬುದು ಪ್ರತಿ ಸಲ ಕೇಳಿಬರುವ ಉತ್ತರ. ಮಾತು ನಿಜ. ಆದರೆ ಇದು ಒಬ್ಬರೇ ಕೂತು ಓದುವ ಕಾದಂಬರಿಯಲ್ಲ. ಐದು ಜನ ಒಪ್ಪಬೇಕು. ಗುಂಪಿಗೆ ಹೊಸಬರು ಸೇರಿದರೆ ಅವರಿಗೆ ಅಂಗಡಿಯಲ್ಲಿ ಸಿಗುವುದು ಹೊಸ ಪುಸ್ತಕ. ಅಂಗಡಿಯವರು, ಸಮ್ಮೇಳನದವರು ಆಡಿಸುವುದೂ ಹೊಸದನ್ನೇ. ಒಬ್ಬರು ಕೆಲಸಕ್ಕೆಂದು ಬೇರೆ ಊರಿಗೆ ಹೋದರೆ ಅಲ್ಲಿ ಹಳೆಯದನ್ನು ಆಡುವ ಗುಂಪು ಹುಡುಕುವುದು ಕಷ್ಟ. ಪುಸ್ತಕ ಉಳಿಯುತ್ತದೆ, ಜೊತೆಗಾರರು ಕರಗುತ್ತಾರೆ. ದುಡ್ಡಿನ ಮಾತೂ ಇಲ್ಲದಿಲ್ಲ: ಈಗಿನ ಮೂರು ಪುಸ್ತಕಗಳ ಮುಖಬೆಲೆ ತಲಾ 50 ಡಾಲರ್, ನಮ್ಮ ಲೆಕ್ಕದಲ್ಲಿ ಮೂರೂ ಸೇರಿ 12 ಸಾವಿರ ರೂಪಾಯಿ ದಾಟುತ್ತದೆ. ಆದರೂ ದುಡ್ಡಿನ ದೂರು ಉಳಿದವುಗಳ ಮುಂದೆ ಸಣ್ಣದು. ಅದೊಂದೇ ಆಗಿದ್ದರೆ ಜಗಳ ಮೂರು ತಿಂಗಳಲ್ಲಿ ಮುಗಿಯುತ್ತಿತ್ತು.

ಹಳೆಯ ಕಥೆ ಒಂದಿಷ್ಟು ಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದದ್ದು 1974ರಲ್ಲಿ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ, ಒಂದು ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕ, ಮೊದಲ ಮುದ್ರಣ 1000 ಪ್ರತಿ. ಆ ಪುಸ್ತಕಗಳಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು. ಕೊಂಡವರು ಬಿಟ್ಟ ಜಾಗಗಳನ್ನು ತಾವೇ ತುಂಬಿಕೊಂಡರು. ಒಂದು ಊರಿನಲ್ಲಿ ಆಡುತ್ತಿದ್ದ ಆಟ ಇನ್ನೊಂದು ಊರಿನದಕ್ಕಿಂತ ಬೇರೆ. ಹೀಗೆ ಮೇಜಿಗೆ ಮೇಜಿಗೆ ಹುಟ್ಟಿದ ನಿಯಮಗಳಿಗೆ ‘ಹೌಸ್ ರೂಲ್’ ಎಂದು ಹೆಸರಾಯಿತು. ಅಂದರೆ ಹುಟ್ಟಿದ ಲಾಗಾಯ್ತು ಈ ಆಟವನ್ನು ಆಡಿದವರು ಅರ್ಧ ಬರೆದವರೂ ಹೌದು.

1989ರ ಎರಡನೇ ಆವೃತ್ತಿ ಬಂದಾಗ ಅಸಮಾಧಾನ ಇರಲಿಲ್ಲವೆಂದಲ್ಲ. ಈ ಆಟ ಮಕ್ಕಳನ್ನು ಸೈತಾನನ ಕಡೆ ಒಯ್ಯುತ್ತದೆಂದು ಅಮೆರಿಕದಲ್ಲಿ ಕೆಲವು ಧಾರ್ಮಿಕ ಗುಂಪುಗಳು, ಪೋಷಕರು ಎಬ್ಬಿಸಿದ್ದ ಗದ್ದಲಕ್ಕೆ ಹೆದರಿ ಆಗಿನ ಕಂಪನಿ ಟಿಎಸ್ಆರ್ ‘ಡೀಮನ್’, ‘ಡೆವಿಲ್’ ಎಂಬ ಪದಗಳನ್ನೇ ಕಿತ್ತುಹಾಕಿತು. ಅಸಾಸಿನ್ ಪಾತ್ರವನ್ನೂ, ಹಾಫ್-ಆರ್ಕ್ ಕುಲವನ್ನೂ ಮುಖ್ಯ ಪುಸ್ತಕದಿಂದ ಹೊರಗಿಟ್ಟಿತು. ಬೇಸರಗೊಂಡವರು ಹಳೆಯ ಪುಸ್ತಕದಿಂದ ಅವನ್ನೆಲ್ಲ ಎತ್ತಿಕೊಂಡು ಹೊಸದರಲ್ಲಿ ಸೇರಿಸಿ ಆಡಿದರು. ಎರಡರ ಎಲುಬುಗೂಡು ಒಂದೇ ಇದ್ದುದರಿಂದ ಅದು ಸಾಧ್ಯವಾಯಿತು. 2000ದ ಮೂರನೇ ಆವೃತ್ತಿ ಎಲುಬನ್ನೇ ಬದಲಿಸಿತು, ಆದರೂ ಬಹುತೇಕರು ಸಂತೋಷದಿಂದಲೇ ಸ್ವಾಗತಿಸಿದರು. ಆಗಿನ ಪರಿಸ್ಥಿತಿ ಹಾಗಿತ್ತು. ಮೂಲ ಕಂಪನಿ ಟಿಎಸ್ಆರ್ ಸಾಲದಲ್ಲಿ ಮುಳುಗಿ 1997ರಲ್ಲಿ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಕೈಗೆ ಹೋಗಿತ್ತು. ಆಟವೇ ನಿಂತುಹೋದೀತೆಂಬ ಭಯದಲ್ಲಿ ಇದ್ದವರಿಗೆ ಹೊಸ ಪುಸ್ತಕ ಬಂದದ್ದೇ ಸಮಾಧಾನ. ಮೂರೇ ವರ್ಷಕ್ಕೆ 3.5 ಎಂಬ ತಿದ್ದುಪಡಿ ಬಂದಾಗ, ಮತ್ತೆ ಮೂರು ಪುಸ್ತಕ ಕೊಳ್ಳಬೇಕೇ ಎಂಬ ಗೊಣಗಾಟ ಎದ್ದು ತಣ್ಣಗಾಯಿತು.

ಈ ಮೂರನೇ ಆವೃತ್ತಿಯ ಜೊತೆ ಇನ್ನೊಂದು ಬಂದಿತ್ತು. ಆಗ ಅದರ ಬೆಲೆ ಎಷ್ಟೆಂದು ಸಾಮಾನ್ಯ ಆಟಗಾರರಿಗೆ ಗೊತ್ತಾಗಲಿಲ್ಲ. ‘ಓಪನ್ ಗೇಮ್ ಲೈಸೆನ್ಸ್’ ಎಂಬ ಪರವಾನಗಿ ಅದು. ಕಂಪನಿಯಲ್ಲಿದ್ದ ರಯಾನ್ ಡ್ಯಾನ್ಸಿ, ಮುಕ್ತ ತಂತ್ರಾಂಶದ ಚಳವಳಿಯಿಂದ ಪ್ರೇರಣೆ ಪಡೆದು ಇದಕ್ಕಾಗಿ ದುಡಿದರು. ಇದರ ಪ್ರಕಾರ ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ತಮ್ಮ ಪುಸ್ತಕ ಬರೆದು ಮಾರಬಹುದು, ಕಂಪನಿಗೆ ಕಾಸು ಕೊಡಬೇಕಿಲ್ಲ. ಕಂಪನಿಯ ಹೆಸರು, ಕೆಲವು ಹೆಸರಾಂತ ರಕ್ಕಸರು, ಲೋಕಗಳು ಮಾತ್ರ ಹೊರಗೆ. ಲೆಕ್ಕಾಚಾರ ಸರಳ: ಹೊರಗಿನವರು ಸಾಹಸಕಥೆ ಬರೆದಷ್ಟೂ ಮೂಲ ಪುಸ್ತಕ ಮಾರಾಟವಾಗುತ್ತದೆ. ಅದರ ಜೊತೆಗೆ, ನಾಳೆ ಕಂಪನಿ ಮುಳುಗಿದರೂ ಆಟ ಮುಳುಗಬಾರದೆಂಬ ಕಾಳಜಿಯೂ ಇತ್ತು. ಟಿಎಸ್ಆರ್ ಮುಳುಗಿದ್ದು ಎಲ್ಲರ ಕಣ್ಣೆದುರೇ ಇತ್ತಲ್ಲ. ಆ ಪರವಾನಗಿ ಮುಂದೆ ಇದೇ ಕಂಪನಿಯ ಎದುರು ಆಟಗಾರರ ಕೈಯಲ್ಲಿ ಬಲವಾಗುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಇನ್ನು ನಾಲ್ಕನೇ ಆವೃತ್ತಿಯ ವಿಷಯ. 2007ರ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಜೆನ್ ಕಾನ್ ಸಮ್ಮೇಳನದಲ್ಲಿ ಅದರ ಘೋಷಣೆಯಾಯಿತು. ರಾಬ್ ಹೈನ್ಸೂ, ಆಂಡಿ ಕಾಲಿನ್ಸ್, ಜೇಮ್ಸ್ ವಯಟ್ ಅದನ್ನು ಕಟ್ಟಿದ ತಂಡದ ಮುಂಚೂಣಿಯಲ್ಲಿದ್ದರು. ಅವರು ಬಿಡಿಸಲು ಹೊರಟ ತೊಡಕು ನಿಜವಾದದ್ದು. ಮೂರನೇ ಆವೃತ್ತಿಯಲ್ಲಿ ಪಾತ್ರಗಳು ಮೇಲಿನ ಲೆವೆಲ್ ಮುಟ್ಟಿದಂತೆ ವಿಝರ್ಡ್ ಪರ್ವತವನ್ನೇ ಅಲುಗಿಸಬಲ್ಲ, ಫೈಟರ್ ಮಾತ್ರ ಮೊದಲ ದಿನದಂತೆಯೇ ಕತ್ತಿ ಬೀಸುತ್ತಿರುತ್ತಾನೆ. ಫೈಟರ್ ಪಾತ್ರ ಹಿಡಿದ ಹುಡುಗ ತನ್ನ ಸರದಿಗೆ ಕಾದು ಕೂತು, ದಾಳ ಒಗೆದು, ಮತ್ತೆ ಅರ್ಧ ಗಂಟೆ ಸುಮ್ಮನಿರಬೇಕು. ಡಂಜನ್ ಮಾಸ್ಟರ್ ಪಾಡು ಇನ್ನೂ ಕಷ್ಟ: ಒಂದು ಸಂಜೆಯ ಆಟಕ್ಕೆ ವಾರಪೂರ್ತಿ ಲೆಕ್ಕ ಬರೆಯಬೇಕು.

ಹೊಸ ಆವೃತ್ತಿ ಎಲ್ಲ ಪಾತ್ರಗಳನ್ನೂ ಒಂದೇ ಚೌಕಟ್ಟಿಗೆ ತಂದಿತು. ಪ್ರತಿಯೊಬ್ಬರಿಗೂ ಬೇಕೆಂದಾಗ ಬಳಸುವ ಶಕ್ತಿಗಳು, ಒಂದು ಕಾಳಗಕ್ಕೆ ಒಮ್ಮೆ ಬಳಸುವವು, ದಿನಕ್ಕೊಮ್ಮೆ ಬಳಸುವವು. ಫೈಟರ್ ಈಗ ವೈರಿಯನ್ನು ಗುರುತು ಹಾಕಿ ಹಿಡಿದಿಡಬಲ್ಲ, ಹಿಂದಕ್ಕೆ ನೂಕಬಲ್ಲ, ಗೆಳೆಯನ ಮೈಮೇಲೆ ಬರುವ ಪೆಟ್ಟನ್ನು ತಡೆಯಬಲ್ಲ. ಕ್ಲೆರಿಕ್ ಹೊಡೆಯುತ್ತಲೇ ಗೆಳೆಯರ ಗಾಯ ಮಾಯಿಸಬಲ್ಲ. ಒಂದೇ ಪೆಟ್ಟಿಗೆ ಬೀಳುವ ‘ಮಿನಿಯನ್’ಗಳು ಬಂದವು, ಹತ್ತಾರು ವೈರಿಗಳ ನಡುವೆ ವೀರರು ನುಗ್ಗುವ ದೃಶ್ಯ ಮೇಜಿನ ಮೇಲೆ ಸಲೀಸಾಯಿತು. ರಕ್ಕಸರ ವಿವರ ಚಿಕ್ಕದಾಗಿ ಡಂಜನ್ ಮಾಸ್ಟರ್‌ಗಳ ಹೊರೆ ಇಳಿಯಿತು. ನನ್ನ ಅಭಿಪ್ರಾಯದಲ್ಲಿ ಕಾಳಗದ ಆಟವಾಗಿ ನಾಲ್ಕನೇ ಆವೃತ್ತಿ ಇದುವರೆಗಿನ ಎಲ್ಲ ಆವೃತ್ತಿಗಳಲ್ಲಿ ಹೆಚ್ಚು ಜತನದಿಂದ ಕಟ್ಟಿದ್ದು. ಅದನ್ನು ದ್ವೇಷಿಸಿದವರಲ್ಲಿ ಹಲವರು ಇದನ್ನು ಕಾಣಲಿಲ್ಲ.

ಆದರೆ ಅವರು ಕಂಡದ್ದೂ ಸುಳ್ಳಲ್ಲ. ಹಳೆಯ ಆಟದಲ್ಲಿ ವಿಝರ್ಡ್ ಆಗುವುದೆಂದರೆ ಬೆಳಿಗ್ಗೆ ಎದ್ದು ಆ ದಿನಕ್ಕೆ ಯಾವ ಮಂತ್ರ ಬೇಕಾದೀತೆಂದು ಊಹಿಸಿ ಮನಸ್ಸಿಗೆ ತುಂಬಿಕೊಳ್ಳುವುದು; ಒಮ್ಮೆ ಹಾಕಿದ ಮಂತ್ರ ಮರೆತುಹೋಗುತ್ತದೆ. ಜ್ಯಾಕ್ ವ್ಯಾನ್ಸ್ ಎಂಬ ಲೇಖಕರ ಕಥೆಗಳಿಂದ ಗೈಗ್ಯಾಕ್ಸ್ ತಂದ ಕಲ್ಪನೆ ಅದು. ಫೈಟರ್ ಆಗುವುದೇ ಬೇರೆ ಅನುಭವ: ಹೆಚ್ಚು ಯೋಚನೆಯಿಲ್ಲ, ಧೈರ್ಯ ಬೇಕು. ಪಾತ್ರ ಬದಲಾದರೆ ಆಡುವ ರೀತಿಯೇ ಬದಲಾಗುತ್ತಿತ್ತು. ಹೊಸದರಲ್ಲಿ ಇಬ್ಬರ ಕೈಯಲ್ಲೂ ಒಂದೇ ನಮೂನೆಯ ಪಟ್ಟಿ. ಡಿಫೆಂಡರ್, ಸ್ಟ್ರೈಕರ್, ಲೀಡರ್, ಕಂಟ್ರೋಲರ್ ಎಂದು ಪ್ರತಿ ಪಾತ್ರಕ್ಕೂ ಒಂದು ಹುದ್ದೆಯ ಹೆಸರು. 2004ರಿಂದ ಕಂಪ್ಯೂಟರಿನಲ್ಲಿ ಲಕ್ಷಾಂತರ ಜನ ಆಡುತ್ತಿದ್ದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ನೆನಪಾಗದೆ ಇರುತ್ತದೆಯೇ? ‘ಇದು ವಿಡಿಯೋಗೇಮ್’ ಎಂಬ ಬೈಗುಳ ಅಲ್ಲಿಂದಲೇ ಬಂದದ್ದು. ದೂರವನ್ನು ಅಡಿಗಳಲ್ಲಿ ಹೇಳುವ ಬದಲು ಚೌಕಗಳಲ್ಲಿ ಹೇಳಿದ್ದರಿಂದ ನಕ್ಷೆ ಹಾಸಿ ಗೊಂಬೆ ಇಡದೆ ಆಡುವುದು ಕಷ್ಟವಾಯಿತು. ಕಣ್ಣು ಮುಚ್ಚಿ ಗುಹೆಯನ್ನು ಕಾಣುತ್ತಿದ್ದವರು ಈಗ ಹಾಳೆಯ ಮೇಲೆ ಚೌಕ ಎಣಿಸಬೇಕು. ಒಂದೊಂದು ಕಾಳಗಕ್ಕೆ ಗಂಟೆ ಮೀರಿ ಹೊತ್ತು ಹಿಡಿಯಿತು. ಇದನ್ನು ಹೊಸದರ ಅಭಿಮಾನಿಗಳೂ ಒಪ್ಪುತ್ತಿದ್ದರು.

ಸಣ್ಣದೆಂದು ಕಾಣುವ ಬದಲಾವಣೆಗಳು ಹೆಚ್ಚು ಚುಚ್ಚಿದವು. ಮೊದಲ ಆಟಗಾರರ ಪುಸ್ತಕದಲ್ಲಿ ಬಾರ್ಡ್, ಡ್ರೂಯಿಡ್, ಮಾಂಕ್, ಬಾರ್ಬೇರಿಯನ್ ಇರಲಿಲ್ಲ. ನೋಮ್ ಎಂಬ ಕುಳ್ಳ ಜನ ಆಟಗಾರರ ಪುಸ್ತಕದಿಂದ ರಕ್ಕಸರ ಪುಸ್ತಕಕ್ಕೆ ಹೋದರು, ಆ ಬದಲಾವಣೆಯನ್ನೇ ತಮಾಷೆ ಮಾಡಿ ಕಂಪನಿ ಒಂದು ಕಾರ್ಟೂನು ಬಿಟ್ಟಿತು. ಇಪ್ಪತ್ತು ವರ್ಷ ನೋಮ್ ಪಾತ್ರವನ್ನೇ ಆಡಿದವರೂ ಇದ್ದರೆಂಬುದನ್ನು ಅಲ್ಲಿ ಯಾರೂ ನೆನೆದಂತಿಲ್ಲ. ಗುರಿ ತಪ್ಪದ ಬಾಣವೆಂದು ಹೆಸರಾದ ‘ಮ್ಯಾಜಿಕ್ ಮಿಸೈಲ್’ ಮಂತ್ರ ಈಗ ದಾಳ ಒಗೆದು ತಗುಲಿಸಬೇಕಾದ ಸಾಧಾರಣ ಪೆಟ್ಟಾಯಿತು. 2010ರಲ್ಲಿ ಕಂಪನಿ ಅದನ್ನು ಹಿಂದಿನಂತೆಯೇ ಮಾಡಿತು. ಒಂದು ಮಂತ್ರದ ವಿಷಯಕ್ಕೆ ಇಷ್ಟೇಕೆ ಎಂದರೆ, ಆ ಮಂತ್ರ ಅಷ್ಟು ಜನರ ಮೊದಲ ವಿಝರ್ಡಿನ ಮೊದಲ ಮಂತ್ರವಾಗಿತ್ತು.

ಎಲ್ಲಕ್ಕಿಂತ ದೊಡ್ಡ ಗಾಯ ‘ಫರ್ಗಾಟನ್ ರೆಲ್ಮ್ಸ್’ನದು. ಎಡ್ ಗ್ರೀನ್‌ವುಡ್ ಬಾಲ್ಯದಿಂದ ಕಲ್ಪಿಸಿಕೊಂಡು ಬಂದ, 1987ರಿಂದ ಆಟದ ಭಾಗವಾದ ಲೋಕ ಅದು. ಊರೂರಿನ ಹೆಸರು, ಹೋಟೆಲುಗಳು, ದೇವರುಗಳು, ರಾಜವಂಶಗಳು ಹೀಗೆ ನೂರಾರು ಪುಸ್ತಕಗಳಲ್ಲಿ ಹರಡಿದ್ದ ವಿವರ. ಹೊಸ ನಿಯಮಗಳಿಗೆ ಹೊಂದಿಸಲೆಂದು ಕಂಪನಿ ಆ ಲೋಕದ ಮೇಲೆ ಮಹಾ ದುರಂತವೊಂದನ್ನು ತಂದು, ಕಾಲವನ್ನು ಸುಮಾರು ನೂರು ವರ್ಷ ಮುಂದಕ್ಕೆ ಎಳೆಯಿತು. ಮಂತ್ರವಿದ್ಯೆಯ ದೇವತೆ ಸತ್ತಳು. ಊರುಗಳು ಅಳಿದವು. ಅಲ್ಲಿ ಆಟಗಾರರು ಕಟ್ಟಿಕೊಂಡಿದ್ದ ಮನುಷ್ಯ ಪಾತ್ರಗಳೆಲ್ಲ ಮುದಿಯಾಗಿ ಸತ್ತಂತೆಯೇ ಲೆಕ್ಕ. ಬೇಡವೆಂದವರು ಹಳೆಯ ಕಾಲದಲ್ಲೇ ಆಡಬಹುದಿತ್ತು, ಸರಿ. ಆದರೆ ಇನ್ನು ಬರುವ ಕಾದಂಬರಿ, ನಕ್ಷೆ, ಸಾಹಸಕಥೆ ಎಲ್ಲವೂ ಅವರ ಪಾತ್ರಗಳಿಲ್ಲದ ಕಾಲದವು.

ಇದಕ್ಕೆ ಕಂಪನಿಯ ಮಾತಿನ ಧಾಟಿ ಉಪ್ಪು ಸವರಿತು. ಘೋಷಣೆಯ ಹೊತ್ತಿನ ಪ್ರಚಾರದಲ್ಲಿ ಹಳೆಯ ಆವೃತ್ತಿಗಳ ತೊಡಕುಗಳನ್ನು ಲೇವಡಿ ಮಾಡಲಾಗಿತ್ತು. ಡಂಜನ್ ಮಾಸ್ಟರ್ ಪುಸ್ತಕದ ಒಂದು ಸಲಹೆಯಂತೂ ಕುಖ್ಯಾತವಾಯಿತು: ಊರಬಾಗಿಲ ಕಾವಲುಗಾರರ ಜೊತೆಗಿನ ಮಾತುಕತೆಯಲ್ಲಿ ಮಜವಿಲ್ಲ, ಅದನ್ನು ದಾಟಿಸಿ ಮುಂದಿನ ರೋಚಕ ಘಟ್ಟಕ್ಕೆ ಒಯ್ಯಿರಿ ಎಂಬ ಅರ್ಥದ್ದು. ಓದಿದವರಿಗೆ ನೋವಾದದ್ದು ಸಹಜ. ಎಷ್ಟೋ ಮೇಜುಗಳಲ್ಲಿ ವರ್ಷಗಟ್ಟಲೆ ನೆನಪುಳಿದ ತುಣುಕುಗಳು ಹುಟ್ಟಿದ್ದೇ ಆ ಕಾವಲುಗಾರರ ಹತ್ತಿರ: ಸುಳ್ಳು ಹೇಳಿ ಸಿಕ್ಕಿಬಿದ್ದದ್ದು, ಲಂಚ ಕೊಡಲು ಹೋಗಿ ಗೆಳೆತನ ಬೆಳೆದದ್ದು, ಹೆಸರೇ ಇಲ್ಲದ ಕಾವಲುಗಾರನಿಗೆ ಹೆಸರು ಕೊಟ್ಟು ಅವನನ್ನು ಕಥೆಯ ಕೊನೆ ತನಕ ಕರೆದೊಯ್ದದ್ದು. ನಾಲ್ಕನೇ ಆವೃತ್ತಿಯ ತಪ್ಪು ಅದರ ನಿಯಮಗಳಲ್ಲಿ ಇರಲಿಲ್ಲ. ಇಷ್ಟು ವರ್ಷ ನೀವು ಸಂತೋಷಪಟ್ಟದ್ದು ಸಂತೋಷವೇ ಅಲ್ಲ ಎಂದು ಆಡಿದವರಿಗೆ ಹೇಳಿದ್ದೇ ಅದರ ತಪ್ಪು ಎಂದು ನಾನು ತಿಳಿದಿದ್ದೇನೆ.

ಮಾತಿನ ಜಗಳವಾಗಿ ಉಳಿದಿದ್ದರೆ ಕಂಪನಿ ಗೆಲ್ಲುತ್ತಿತ್ತು. ಅದನ್ನು ತಿರುಗಿಸಿದ್ದು 2000ದ ಆ ಪರವಾನಗಿ. ಪೈಜೋ ಎಂಬ ಸಣ್ಣ ಪ್ರಕಾಶನ ಸಂಸ್ಥೆ ಐದು ವರ್ಷ ಆಟದ ಅಧಿಕೃತ ಪತ್ರಿಕೆಗಳಾದ ‘ಡ್ರ್ಯಾಗನ್’ ಮತ್ತು ‘ಡಂಜನ್’ಗಳನ್ನು ನಡೆಸಿತ್ತು. 2007ರಲ್ಲಿ ಆ ಗುತ್ತಿಗೆ ಮುಗಿಯಿತು, ಕಂಪನಿ ನವೀಕರಿಸಲಿಲ್ಲ. ಹೊಸ ಆವೃತ್ತಿಗೆ ಬರೆಯೋಣವೆಂದರೆ ಅದರ ಪರವಾನಗಿ ಇನ್ನೂ ಹೊರಬಂದಿರಲಿಲ್ಲ; ಆಮೇಲೆ ಬಂದದ್ದೂ ಬಹಳ ಬಿಗಿ: ಒಂದು ಪುಸ್ತಕಮಾಲೆಯನ್ನು ಹೊಸ ನಿಯಮಕ್ಕೆ ತಂದರೆ ಅದನ್ನು ಹಳೆಯ ಪರವಾನಗಿಯಡಿ ಮುಂದುವರಿಸುವಂತಿಲ್ಲ ಎಂಬ ಕಟ್ಟಳೆಯೂ ಅದರಲ್ಲಿತ್ತು. ಪೈಜೋ ಬೇರೆ ದಾರಿ ಹಿಡಿಯಿತು. ಮೂರನೇ ಆವೃತ್ತಿಯ ನಿಯಮಗಳು ಮುಕ್ತವಾಗಿ ಇದ್ದವಲ್ಲ, ಅವನ್ನೇ ತಿದ್ದಿ ತೀಡಿ ‘ಪಾತ್‌ಫೈಂಡರ್’ ಹೆಸರಿನಲ್ಲಿ ತರುತ್ತೇವೆಂದು 2008ರ ಮಾರ್ಚ್‌ನಲ್ಲಿ ಘೋಷಿಸಿತು. ಕರಡನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟು, ಆಡಿ ನೋಡಿ ಹೇಳಿ ಎಂದು ವರ್ಷಕ್ಕೂ ಹೆಚ್ಚು ಕಾಲ ಅಭಿಪ್ರಾಯ ಕೇಳಿತು. 2009ರ ಆಗಸ್ಟ್‌ನಲ್ಲಿ 576 ಪುಟಗಳ ದಪ್ಪ ಪುಸ್ತಕ ಬಂತು. 2011ರ ಹೊತ್ತಿಗೆ ಅಮೆರಿಕದ ಆಟದಂಗಡಿಗಳ ಮಾರಾಟದ ಪಟ್ಟಿಯಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೆಸರನ್ನು ಅದು ಹಿಂದೆ ಹಾಕಿತು. ಮೂವತ್ತೇಳು ವರ್ಷದ ಆಟ ಸೋತದ್ದು ತನ್ನದೇ ಹಿಂದಿನ ಆವೃತ್ತಿಗೆ.

ಇನ್ನೂ ಹಿಂದಕ್ಕೆ ಹೋದವರಿದ್ದರು. ಇದೇ ಪರವಾನಗಿಯ ಬಲದಿಂದ ಎಪ್ಪತ್ತು-ಎಂಬತ್ತರ ದಶಕದ ನಿಯಮಗಳನ್ನು ಹೊಸದಾಗಿ ಬರೆದು ‘ಓಸ್ರಿಕ್’, ‘ಲ್ಯಾಬಿರಿಂತ್ ಲಾರ್ಡ್’ ಮುಂತಾದ ಹೆಸರುಗಳಲ್ಲಿ ಹೊರತಂದರು. ಅಂಗಡಿಯಿಂದ ಮರೆಯಾಗಿದ್ದ ಆಟ ಮತ್ತೆ ಹೊಸಬರ ಕೈಗೆ ಸಿಕ್ಕಿತು. ಗೈಗ್ಯಾಕ್ಸ್ ಇದನ್ನು ಹೆಚ್ಚು ಕಾಲ ನೋಡಲಿಲ್ಲ. ನಾಲ್ಕನೇ ಆವೃತ್ತಿ ಬರುವ ಮೂರು ತಿಂಗಳು ಮೊದಲು, 2008ರ ಮಾರ್ಚ್ 4ರಂದು, ತೀರಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಆರ್ನೆಸನ್ ಕೂಡ ಹೋದರು.

ಕಂಪನಿ ಪಾಠ ಕಲಿಯಿತು ಎನ್ನಬೇಕು. 2012ರ ಜನವರಿಯಲ್ಲಿ ಹೊಸ ಆವೃತ್ತಿಯ ಮಾತು ಎತ್ತಿದಾಗ, ಅದು ಮೊದಲು ಮಾಡಿದ ಕೆಲಸ ಕರಡನ್ನು ಎಲ್ಲರ ಮುಂದಿಟ್ಟದ್ದು. ಕಂಪನಿಯ ಪ್ರಕಾರ ಆ ಬಹಿರಂಗ ಪರೀಕ್ಷೆಯಲ್ಲಿ 1,75,000ಕ್ಕೂ ಹೆಚ್ಚು ಆಟಗಾರರು ಪಾಲ್ಗೊಂಡರು. 2014ರ ಆಗಸ್ಟ್‌ನಲ್ಲಿ ಬಂದ ಐದನೇ ಆವೃತ್ತಿಯಲ್ಲಿ ನೋಮ್ ಇದ್ದರು, ಬಾರ್ಡ್ ಇದ್ದರು, ದೂರ ಮತ್ತೆ ಅಡಿಗಳಲ್ಲಿತ್ತು, ಸರಳ ಫೈಟರ್ ಬೇಕೆಂದವರಿಗೆ ಸರಳ ಫೈಟರ್ ಸಿಗುತ್ತಿದ್ದ. ಮರುವರ್ಷ ‘ಕ್ರಿಟಿಕಲ್ ರೋಲ್’ ಎಂಬ ತಂಡ ತನ್ನ ಆಟವನ್ನು ನೇರಪ್ರಸಾರ ಮಾಡತೊಡಗಿತು, ಅದರ ಮರುವರ್ಷ ಈ ಆಟ ಆಡುವ ಮಕ್ಕಳ ಕಥೆಯ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿ ಬಂತು. ಇಂಥವುಗಳಿಂದ ಆಟ ಹಿಂದೆಂದೂ ಇಲ್ಲದಷ್ಟು ದೂರ ಹೋಯಿತು. ಬೆಂಗಳೂರಿನ ಬೋರ್ಡ್‌ಗೇಮ್ ಕೆಫೆಗಳಲ್ಲಿ ವಾರಾಂತ್ಯಕ್ಕೆ ದಾಳ ಹಿಡಿದು ಕೂರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಈ ಅಲೆಯಲ್ಲಿ ಬಂದವರು. ಆವೃತ್ತಿ ಬದಲಾಗುವುದು ಅವರಿಗೆ ಹೊಸ ಅನುಭವ.

ಈ ಗೆಲುವಿನಲ್ಲಿ ಯಾರೂ ಕೇಳದೆ ಹೋದ ದನಿಯೊಂದಿದೆ. ನಾಲ್ಕನೇ ಆವೃತ್ತಿಯನ್ನು ಪ್ರೀತಿಸಿದವರದು. ಫೈಟರ್‌ಗೆ ಕೊನೆಗೂ ಮಾನ ಬಂತೆಂದು ಖುಷಿಪಟ್ಟವರು, ಮೊದಲ ಸಲ ಡಂಜನ್ ಮಾಸ್ಟರ್ ಆಗುವ ಧೈರ್ಯ ಮಾಡಿದವರು, ಅದರಿಂದಲೇ ಆಟ ಕಲಿತವರು. 2014ರಲ್ಲಿ ಅವರಿಗೆ ಆದದ್ದು 2008ರಲ್ಲಿ ಉಳಿದವರಿಗೆ ಆದದ್ದೇ. ಆದರೆ ಅವರಿಗೆ ಪಾತ್‌ಫೈಂಡರ್‌ನಂಥ ಆಶ್ರಯ ಸಿಗಲಿಲ್ಲ, ಏಕೆಂದರೆ ನಾಲ್ಕನೇ ಆವೃತ್ತಿಯ ನಿಯಮಗಳು ಮುಕ್ತವಾಗಿರಲಿಲ್ಲ. ಅವರ ಪಾತ್ರ ಕಟ್ಟಿಕೊಡುವ ಸಾಧನವನ್ನು ಕಂಪನಿ 2010ರಲ್ಲಿ ತನ್ನ ಅಂತರ್ಜಾಲ ತಾಣಕ್ಕೆ ಸಾಗಿಸಿತ್ತು; 2020 ಶುರುವಾಗುತ್ತಿದ್ದಂತೆ ಅದನ್ನು ಮುಚ್ಚಿಬಿಟ್ಟಿತು. ಅಷ್ಟೊಂದು ಶಕ್ತಿಗಳ ಪಟ್ಟಿ, ಅದರ ಮೇಲೆ ಪುಟಗಟ್ಟಲೆ ತಿದ್ದುಪಡಿ ಇದ್ದ ಆಟದಲ್ಲಿ ಆ ಸಾಧನವಿಲ್ಲದೆ ಪಾತ್ರ ಕಟ್ಟುವುದು ದೊಡ್ಡ ಶ್ರಮ.

2023ರ ಜನವರಿಯಲ್ಲಿ ಜಗಳ ನೇರವಾಗಿ ಪರವಾನಗಿಗೇ ಬಂತು. ಹಳೆಯ ಮುಕ್ತ ಪರವಾನಗಿಯನ್ನು ರದ್ದುಮಾಡಿ, ಹೆಚ್ಚು ವರಮಾನ ಇರುವ ಪ್ರಕಾಶಕರಿಂದ ಪಾಲು ಕೇಳುವ ಕರಡೊಂದು ಹೊರಬಿತ್ತು. ಆಗ ಎದ್ದ ಪ್ರತಿಭಟನೆಯಲ್ಲಿ 2008ರ ಪಂಗಡಗಳೆಲ್ಲ ಒಟ್ಟಿಗೆ ನಿಂತವು. ಕಂಪನಿಯ ‘ಡಿ ಅಂಡ್ ಡಿ ಬಿಯಾಂಡ್’ ತಾಣದ ಚಂದಾ ರದ್ದುಮಾಡಿ ಎಂಬ ಕರೆ ಹರಡಿತು. ಕಂಪನಿ ಸ್ವಲ್ಪ ಹಿಂಜರಿದು, ತಿದ್ದಿದ ಕರಡು ಕೊಟ್ಟು, ಅಭಿಪ್ರಾಯ ಕೇಳಿತು. ಉತ್ತರಿಸಿದವರಲ್ಲಿ ನೂರಕ್ಕೆ 88 ಮಂದಿ ಆ ಹೊಸ ಪರವಾನಗಿಯಡಿ ಏನನ್ನೂ ಪ್ರಕಟಿಸಲು ಇಷ್ಟವಿಲ್ಲವೆಂದರು. ಜನವರಿ 27ರಂದು ಕಂಪನಿ ಪೂರ್ತಿ ಹಿಂದೆ ಸರಿಯಿತು. ಹಳೆಯ ಪರವಾನಗಿ ಉಳಿಯಿತು. ಅದರ ಮೇಲೆ ಐದನೇ ಆವೃತ್ತಿಯ ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್‌ಗೆ ಹೋದವು, ಅಂದರೆ ಮರಳಿ ಕಿತ್ತುಕೊಳ್ಳಲಾಗದ ಹಾಗೆ ಎಲ್ಲರದಾದವು. ಆಟಗಾರರ ಸಿಟ್ಟಿಗೆ ಇದಕ್ಕಿಂತ ದೊಡ್ಡ ಫಲ ಈ ಆಟದ ಚರಿತ್ರೆಯಲ್ಲಿ ಸಿಕ್ಕಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತ ಆಟಗಾರರ ಪುಸ್ತಕ ಬಂತು. ಕಂಪನಿ ಇದನ್ನು ಆರನೇ ಆವೃತ್ತಿ ಎನ್ನಲಿಲ್ಲ, ಹಳೆಯ ಸಾಹಸಕಥೆಗಳು ಇದರ ಜೊತೆಯೂ ನಡೆಯುತ್ತವೆ ಎಂದಿತು. ‘ರೇಸ್’ ಎಂಬುದು ‘ಸ್ಪೀಷೀಸ್’ ಆಯಿತು, ಹಾಫ್-ಎಲ್ಫ್ ಮತ್ತು ಹಾಫ್-ಆರ್ಕ್ ಪಟ್ಟಿಯಿಂದ ಹೊರಬಿದ್ದವು, ಫೈಟರ್‌ನಂಥವರಿಗೆ ಆಯುಧಕ್ಕೊಂದು ವಿಶೇಷ ಪಟ್ಟು ಸಿಕ್ಕಿತು. ವೈರಿಯನ್ನು ಹಿಂದಕ್ಕೆ ನೂಕುವುದು, ಅರ್ಧ ಬಲ ಕಳೆದುಕೊಂಡವರನ್ನು ‘ಬ್ಲಡೀಡ್’ ಎಂದು ಗುರುತಿಸುವುದು ಇವೆಲ್ಲ ನಾಲ್ಕನೇ ಆವೃತ್ತಿಯ ಆಟಗಾರರು ಕಣ್ಣರಳಿಸಿ ಗುರುತು ಹಿಡಿದ ಸಂಗತಿಗಳು. ಈ ಸಲ ಮೇಜುಗಳು ಒಡೆದದ್ದು ಕಡಿಮೆ. ಹಳೆಯ ಪುಸ್ತಕದವರೂ ಹೊಸ ಪುಸ್ತಕದವರೂ ಒಂದೇ ಆಟದಲ್ಲಿ ಕೂರುವುದು ಸಾಧ್ಯವಿದೆ, ಎಷ್ಟೋ ಗುಂಪುಗಳು ಹಾಗೆಯೇ ಆಡುತ್ತಿವೆ.

ಈ ಸಲದ ದೊಡ್ಡ ಗದ್ದಲ ಎದ್ದದ್ದು ಪುಸ್ತಕದಿಂದಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಡಿ ಅಂಡ್ ಡಿ ಬಿಯಾಂಡ್ ಒಂದು ಸೂಚನೆ ಕೊಟ್ಟಿತು: ಆಟಗಾರರು ಆ ತಾಣದಲ್ಲಿ ಇಟ್ಟ ಕ್ಯಾರೆಕ್ಟರ್ ಶೀಟ್‌ಗಳಲ್ಲಿ, ಅಂದರೆ ಪಾತ್ರದ ವಿವರದ ಹಾಳೆಗಳಲ್ಲಿ, ಹಳೆಯ ಮಂತ್ರಗಳ, ಮಾಂತ್ರಿಕ ವಸ್ತುಗಳ ಜಾಗದಲ್ಲಿ ಹೊಸ ರೂಪಗಳು ಬಂದು ಕೂರುತ್ತವೆ, ಹಳೆಯದೇ ಬೇಕೆಂದವರು ಅದನ್ನು ಕೈಯಾರೆ ಮತ್ತೆ ಬರೆದುಕೊಳ್ಳಬೇಕು. ದುಡ್ಡು ಕೊಟ್ಟು ಕೊಂಡ ಪುಸ್ತಕದ ಮಂತ್ರ, ನಡೆಯುತ್ತಿರುವ ಕಥೆಯ ಮಧ್ಯೆ, ಕೇಳದೆಯೇ ಬದಲಾಗುವುದು. ಕೆಲವೇ ದಿನಗಳಲ್ಲಿ ಕಂಪನಿ ಈ ನಿರ್ಧಾರವನ್ನು ಹಿಂತೆಗೆದುಕೊಂಡಿತು, ಹಳೆಯ ಮಂತ್ರಗಳು ಹಾಳೆಯಲ್ಲೇ ಉಳಿದವು.

ಉಳಿದವು ನಿಜ, ಕಂಪನಿ ಒಪ್ಪಿದ್ದರಿಂದ ಉಳಿದವು. 2008ರಲ್ಲಿ ಯಾರ ಕಪಾಟಿನ ಪುಸ್ತಕದ ಸಾಲನ್ನೂ ಸಿಯಾಟಲ್ ಬಳಿಯ ಕಚೇರಿಯಲ್ಲಿ ಕೂತು ಬದಲಿಸಲು ಆಗುತ್ತಿರಲಿಲ್ಲ. ಈಗ ಬಹಳಷ್ಟು ಮೇಜುಗಳಲ್ಲಿ ಪುಸ್ತಕ, ಪಾತ್ರ, ಕೆಲವೊಮ್ಮೆ ದಾಳ ಕೂಡ ಆ ಒಂದು ತಾಣದೊಳಗಿವೆ. ನಿಯಮಗಳು ಎಲ್ಲರದಾಗಿವೆ, 2025ರ ಏಪ್ರಿಲ್‌ನಲ್ಲಿ ಪರಿಷ್ಕೃತ ಮೂಲ ನಿಯಮಗಳೂ ಕ್ರಿಯೇಟಿವ್ ಕಾಮನ್ಸ್ ಸೇರಿದವು. ಆದರೆ ಒಬ್ಬ ಆಟಗಾರ್ತಿ ಮೂರು ವರ್ಷ ಬೆಳೆಸಿದ ಪಾತ್ರದ ಹಾಳೆ ಎಲ್ಲಿರಬೇಕು, ಅದನ್ನು ಯಾರು ತಿದ್ದಬಹುದು, ತಾಣ ಮುಚ್ಚುವ ದಿನ ಅವಳ ಕೈಗೆ ಏನು ಸಿಗಬೇಕು ಎಂಬುದನ್ನು ಯಾವ ಮುಕ್ತ ಪರವಾನಗಿಯೂ ಹೇಳುವುದಿಲ್ಲ. ಮುಂದಿನ ಆವೃತ್ತಿಯ ಘೋಷಣೆ ಬರುವ ಮೊದಲು ಆಟಗಾರರು ಕೇಳಿ, ಬರಹದಲ್ಲಿ ಪಡೆಯಬೇಕಾದದ್ದು ಇದನ್ನು. ನಾಲ್ಕನೇ ಆವೃತ್ತಿಯವರ ಸಾಧನ ಮುಚ್ಚಿದಾಗ ಅವರು ಕೇಳಿದ್ದರೂ ಅವರ ಬೆನ್ನಿಗೆ ಯಾರೂ ನಿಲ್ಲಲಿಲ್ಲ; ಈ ಸಲ ಕೇಳುವವರು ಅವರಿಗಿಂತ ಬಹಳ ಹೆಚ್ಚು ಜನ ಇದ್ದಾರೆ.